ಬ್ಲೋಡ್ವೆನ್ ಹಡಗಿನ ರೈಲು

ಹೋಲಿಹೆಡ್ ಬಂದರಿನಲ್ಲಿ ಹಡಗೂ ನಮ್ಮ ರೈಲ್ವೆಯದೇ, ರೈಲೂ ನಮ್ಮದೇ. ಐರ್ಲೆಂಡಿನಿಂದ ‘ಬ್ಲೋಡ್ವೆನ್’ ಬಂದು, ಅದರ ಜನರೆಲ್ಲ ಹತ್ತಿದ ಮೇಲೆಯೇ ಲಂಡನ್ ರೈಲು ಹೊರಡಬೇಕು. ಬಾಗಿಲು ಮುಚ್ಚಿ ಹಸಿರು ಬಾವುಟ ಬೀಸುವುದು ಗಾರ್ಡ್ ಇದ್ವಾಲನ ಕೆಲಸ. ಇಪ್ಪತ್ತು ವರ್ಷ ಹಾಗೇ ನಡೆದಿತ್ತು.

ಯುದ್ಧದ ಮೂರನೆಯ ವರ್ಷ, ಒಂದು ಬೆಳಿಗ್ಗೆ ತಂತಿ ಬಂತು. ಕಡಲಲ್ಲಿ ಜರ್ಮನರು ಬಿಟ್ಟಿದ್ದ ಬಾಂಬಿಗೆ ತಗುಲಿ ಬ್ಲೋಡ್ವೆನ್ ಮುಳುಗಿತ್ತು, ಯಾರೂ ಉಳಿದಿರಲಿಲ್ಲ. ಸ್ಟೇಷನ್ ಮಾಸ್ಟರ್ ಆಗಿದ್ದ ನಾನೇ ಅದನ್ನು ಇದ್ವಾಲನಿಗೆ ಓದಿ ಹೇಳಿದೆ. ಅವನು ಕಂಕುಳಲ್ಲಿದ್ದ ಬಾವುಟವನ್ನು ತೆಗೆಯಲೇ ಇಲ್ಲ.

ಎರಡು ಗಂಟೆ ಕಳೆಯಿತು. ಮೇಲಿನವರು ತಂತಿಯ ಮೇಲೆ ತಂತಿ ಕಳಿಸಿ ನನ್ನ ಪ್ರಾಣ ತಿಂದರು.

“ಹೊರಡೋ ಮಾರಾಯ! ಹಿಂದಿನ ಗಾಡಿಗಳೆಲ್ಲ ನಿಂತ್ಬಿಟ್ಟಿವೆ,” ಎಂದು ರೇಗಿದೆ.

“ಹಡಗಿನ ಜನ ಇನ್ನೂ ಹತ್ತಿಲ್ವಲ್ಲ ಸಾರ್.”

“ಅವರು ಇನ್ನೆಲ್ಲಿ ಬರ್ತಾರೋ?”

ಅವನು ಕೊನೆಯ ಬೋಗಿಯಿಂದ ಇಂಜಿನಿನವರೆಗೆ ಖಾಲಿ ರೈಲಿನ ಬಾಗಿಲುಗಳನ್ನೆಲ್ಲ ಅಗಲವಾಗಿ ತೆರೆದ. ದಿನವೂ ಜನ ಹತ್ತಲು ಎಷ್ಟು ಹೊತ್ತು ಹಿಡಿಯುತ್ತಿತ್ತೋ ಅಷ್ಟು ಹೊತ್ತು ಟೊಪ್ಪಿ ಕಳಚಿ ನಿಂತ. ಆಮೇಲೆ ಒಂದೊಂದೇ ಬಾಗಿಲನ್ನು, ಒಳಗೆ ಯಾರದೋ ಬೆರಳು ಸಿಕ್ಕೀತೆಂಬಂತೆ, ಮೆಲ್ಲಗೆ ಮುಚ್ಚುತ್ತ ಹಿಂದಕ್ಕೆ ಬಂದು ಹಸಿರು ಬಾವುಟ ಬೀಸಿದ.