ಸೂಜಿಗೆ ಹೆದರಿದ ದರ್ಜಿ

ನಮ್ಮ ದರ್ಜಿಯ ಬೆರಳಿಗೆ ಸೂಜಿ ಚುಚ್ಚದ ದಿನವಿರಲಿಲ್ಲ. ಬೆರಳನ್ನು ಬಾಯಲ್ಲಿಟ್ಟುಕೊಂಡೇ ಹೊಲಿಗೆ ಮುಂದುವರಿಸುತ್ತಿದ್ದ. ಹೆಂಡತಿಗೆ ಸೂಜಿ ಚುಚ್ಚಬೇಕೆಂದರೆ ಮಾತ್ರ ಬೆವರುತ್ತಿದ್ದ.

ಹಿಂದೆ ಅವಳು ಬಸುರಿಯಾಗಿದ್ದಾಗ ಹೊಟ್ಟೆ ದೊಡ್ಡದಾದಷ್ಟೂ ಅವನು ಹಿಗ್ಗಿದ್ದ. ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡುತ್ತ, ಹುಟ್ಟುವುದು ಪೈಲ್ವಾನನೇ ಎಂದು ಗಿರಾಕಿಗಳ ಮುಂದೆ ಕೊಚ್ಚಿಕೊಂಡು, ಅದೇ ಅಳತೆಗೆ ಪುಟ್ಟ ಅಂಗಿಯನ್ನೂ ಹೊಲಿದಿದ್ದ. ದಿನ ತುಂಬುವ ಹೊತ್ತಿಗೆ ಮಗುವಿನ ಮಿಸುಕಾಟ ನಿಂತಿತು. ಹುಟ್ಟಿದ ಮಗು ಅಳಲಿಲ್ಲ. ತಾಯಿಗೆ ಸಕ್ಕರೆ ಕಾಯಿಲೆ ಇರುವುದು ಆಗಲೇ ತಿಳಿದದ್ದು. ಮಗು ಮಿತಿಮೀರಿ ಬೆಳೆದದ್ದೂ ಅದರಿಂದಲೇ. ಅಂಗಿ ಪೆಟ್ಟಿಗೆಯ ತಳ ಸೇರಿತು.

ಈಗ ಮತ್ತೆ ಮಗು ಬೇಕೆಂಬ ಆಸೆ. ದರ್ಜಿಯ ಅಮ್ಮನಿಗಂತೂ ನಿನ್ನೆಯೇ ಬೇಕಿತ್ತು. ರವಿಕೆ ಹೊಲಿಸಲು ಬಂದ ನರ್ಸಕ್ಕ, ಮೊದಲು ಸಕ್ಕರೆ ಹತೋಟಿಗೆ ಬರಲಿ ಎಂದಳು.

“ಬಸುರಿಯಾದ್ಮೇಲೆ ನೋಡ್ಕೊಂಡ್ರಾಯ್ತು ಬಿಡಕ್ಕ,” ಎಂದ ದರ್ಜಿ.

“ಹಂಗಾದ್ರೆ ನನ್ನ ಬಟ್ಟೆ ಈಗ್ಲೇ ಕತ್ತರಿಸು. ಅಳತೆ ಆಮೇಲೆ ಕೊಡ್ತೀನಿ.”

ಕತ್ತರಿ ಕೈಯಲ್ಲೇ ನಿಂತಿತು.

“ಮಗೂನ ಹೃದಯ, ಮೆದುಳು ಮೂಡೋದು ಮೊದಲ ವಾರಗಳಲ್ಲೇ ಕಣಪ್ಪ. ಆಗ ತಾನು ಬಸುರಿ ಅಂತ ತಾಯಿಗೇ ಗೊತ್ತಿರಲ್ಲ.”

ಮರುದಿನವೇ ಗಂಡ ಹೆಂಡತಿ ಆಸ್ಪತ್ರೆಗೆ ಹೋದರು. ಡಾಕ್ಟರು ಮಾತ್ರೆ ಬದಲಿಸಿದರು, ಫೋಲಿಕ್ ಆಸಿಡ್ ಕೊಟ್ಟರು. ತಟ್ಟೆಯಲ್ಲಿ ಅನ್ನ ಇಳಿದು ತರಕಾರಿ ಏರಿತು. ಅಮ್ಮ ಮಾತ್ರ ಸೊಸೆಯ ಟೀಗೆ ಕದ್ದು ಸಕ್ಕರೆ ಹಾಕಿ, ರಕ್ತಪರೀಕ್ಷೆಯಲ್ಲಿ ಸಿಕ್ಕಿಬಿದ್ದಳು. ಕೆಲವು ತಿಂಗಳ ಮೇಲೆ ಡಾಕ್ಟರು, ಸಕ್ಕರೆ ಹತೋಟಿಗೆ ಬಂದಿದೆ, ಇನ್ನು ಮಗು ಆಗಬಹುದು ಎಂದರು. ಸೊಸೆ ಬಸುರಿಯಾದಳು. ಆಗ ಹೊಟ್ಟೆಗೆ ಚುಚ್ಚುವ ಇನ್ಸುಲಿನ್ ಶುರುವಾಯಿತು.

ಸೂಜಿ ಮಗುವಿಗೆ ತಾಗೀತೆಂದು ಅಮ್ಮ ತಕರಾರು ತೆಗೆದಳು. ಅದು ಚರ್ಮದ ಕೆಳಗೇ ನಿಲ್ಲುತ್ತದೆ, ಮಗುವಿಗೆ ಕೆಟ್ಟದ್ದು ಹತೋಟಿ ತಪ್ಪಿದ ಸಕ್ಕರೆಯೇ ಹೊರತು ಈ ಔಷಧಿಯಲ್ಲ ಎಂದು ನರ್ಸಕ್ಕ ತಿಳಿಹೇಳಿದಳು. ದರ್ಜಿ ಧೈರ್ಯವಾಗಿ ಸೂಜಿ ಹಿಡಿದ. ಹಿಡಿದವನೇ ಬಿಳಿಚಿಕೊಂಡು ಬಟ್ಟೆ ರಾಶಿಯ ಮೇಲೆ ಕುಸಿದು ಕೂತ.

“ನೀವು ಗುಂಡಿ ಹೊಲೀರಿ. ಇದನ್ನ ನಾನು ನೋಡ್ಕೊತೀನಿ,” ಎಂದು ಹೆಂಡತಿ ತಾನೇ ಚುಚ್ಚಿಕೊಂಡಳು. ಅಮ್ಮ ಮಗನಿಗೆ ಗಾಳಿ ಬೀಸಿದಳು.

ಡಾಕ್ಟರು ಹೇಳಿದ ದಿನ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಮಗಳು ವಾರ್ಡಿಗೆಲ್ಲ ಕೇಳುವಂತೆ ಅತ್ತಳು. ಪೆಟ್ಟಿಗೆಯ ಅಂಗಿ ಅವಳಿಗೆ ದೊಗಲೆಯಾಯಿತು. ದರ್ಜಿ ಕಣ್ಣೊರೆಸಿಕೊಂಡು, ಮೊದಲ ಸಲ ಖುಷಿಯಿಂದ ಹೊಲಿಗೆ ಬಿಗಿ ಮಾಡಿದ.

ನಿಮ್ಮ ಮನೆಯಲ್ಲೂ ಇಂಥ ನೋವು ಆಗಿದ್ದರೆ ತಾಯಿಯನ್ನು ದೂರಬೇಡಿ. ಮುಂದಿನ ಬಸಿರಿಗೆ ಮೊದಲೇ ಸಕ್ಕರೆ ಪರೀಕ್ಷೆ ಮಾಡಿಸಿ. ಮಗುವಿನ ಮಿಸುಕಾಟ ಕಡಿಮೆಯಾದರೆ ಆ ಕ್ಷಣವೇ ಆಸ್ಪತ್ರೆಗೆ ಓಡಿ. ಗಂಡಂದಿರೇ, ನೀವೂ ಜೊತೆಗೆ ಹೋಗಿ. ತಲೆ ಸುತ್ತಿದರೆ ಕೂರಲು ಅಲ್ಲಿ ಬೆಂಚಿದೆ.