ಸಮುದ್ರ ಕಾದ ವರ್ಷ

“ಅಗಿಯೋ ಸೂಳೆಮಗನೆ! ಹೆಂಡ್ತಿ ಗುಂಡಿ ಅಂದ್ರೆ ಕೈ ನಡುಗ್ತಾವಾ? ಊರೆಲ್ಲಾ ಬೆಂದೋಗ್ತಾ ಐತೆ ಕಣ್ಲಾ!”

ಪಟೇಲ ಬಸವಲಿಂಗಯ್ಯ ಕೊಡೆಯ ನೆರಳಲ್ಲಿ ನಿಂತು ಕೂಗಿದ. ಹಾರೆ ಹಿಡಿದ ಕ್ಯಾತಪ್ಪ ಮಿಸುಕಲಿಲ್ಲ. ಊರಲ್ಲಿ ಯಾರು ಸತ್ತರೂ ಗುಂಡಿ ತೋಡುವುದು ಅವನ ಬಿಟ್ಟಿ ಚಾಕರಿ. ಮುಚ್ಚಿದ ಗುಂಡಿಯನ್ನು ಮತ್ತೆ ಅಗೆ ಅಂದದ್ದು ಇದೇ ಮೊದಲು.

ಎಂಬತ್ತೇಳರ ಆಗಸ್ಟ್. ಪಾವಗಡದ ಸೀಮೆಯಲ್ಲಿ ಬಿತ್ತಿದ ಕಡ್ಲೆಕಾಯಿ ನೆಲದಲ್ಲೇ ಹುರಿದುಹೋಗಿತ್ತು. ತೊನ್ನು ಹತ್ತಿದ ಹೆಣ ಮಣ್ಣಲ್ಲಿರುವ ತನಕ ಮಳೆಯಿಲ್ಲವೆಂದು ಪೂಜಾರಿ ಮೈದುಂಬಿ ನುಡಿದಿದ್ದ. ಹೋದ ವರ್ಷ ಸತ್ತ ಭೀಮಕ್ಕನ ಮುಖದಲ್ಲಿ ತೊನ್ನಿತ್ತು. ತೆಗೆದು ಸುಡಬೇಕು, ಅದೂ ಗಂಡನೇ.

“ಇದು ನನ್ನೆಂಡ್ತಿ ಕೆಲ್ಸ ಅಲ್ಲ ಸ್ವಾಮಿ,” ಎಂದ ಕ್ಯಾತಪ್ಪ. “ಸಮುದ್ರ ಕಾದೈತಂತೆ.”

ಜನ ಗೊಳ್ಳೆಂದು ನಕ್ಕರು.

ಅದನ್ನು ಅವನಿಗೆ ಹೇಳಿದವನು ಪಾವಗಡದಲ್ಲಿ ಮಳೆ ಅಳೆಯುವ ಅಹಮದ್ ಷರೀಫ್. ಕ್ಯಾತಪ್ಪ ಮಳೆಮಾಪಕದ ಸುತ್ತ ಬೇಲಿ ಕಟ್ಟಲು ಹೋದಾಗ, ಒಣಗಿದ ಅಳತೆಗಾಜನ್ನು ಬೋರಲು ಹಿಡಿದು ತೋರಿಸಿದ್ದ. “ದೇಖೋ ಕ್ಯಾತಪ್ಪ, ಪೆಸಿಫಿಕ್ ಅಂತ ಒಂದು ಸಮುದ್ರ, ಭೂಮಿಯ ಆ ಕಡೆ. ಕೆಲವು ವರ್ಷಕ್ಕೊಮ್ಮೆ ಅದರ ನೀರು ಬೆಚ್ಚಗಾಗ್ತದೆ. ಆಗ ಇಲ್ಲಿ ಮುಂಗಾರು ಸೊರಗ್ತದೆ. ಎಲ್ಲಾ ಸಲ ಅಲ್ಲ. ಆದ್ರೆ ಎಪ್ಪತ್ತೆರಡು, ಎಂಬತ್ತೆರಡು, ಈಗ ಇದು…”

ಅಂದಿನಿಂದ ಆ ಕಾಣದ ನೀರು ಕ್ಯಾತಪ್ಪನ ತಲೆಯಲ್ಲಿ ಕುದಿಯುತ್ತಲೇ ಇತ್ತು.

“ಎಪ್ಪತ್ತೆರಡರಾಗೂ ಮಳೆ ಹೋಗಿತ್ತಲ್ಲ ಸ್ವಾಮಿ? ಅವಾಗ ನನ್ ಭೀಮಿ ಮಣ್ಣಾಗಿರ್ಲಿಲ್ಲ. ನಿಮ್ ಕೊಟ್ಟಿಗೆ ಬಳೀತಿದ್ಲು.”

“ಏಮಿರಾ, ದೇವ್ರಿಗೇ ಬುದ್ಧಿ ಹೇಳ್ತೀಯ?” ಪೂಜಾರಿ ಉಗಿದ.

ಬಸವಲಿಂಗಯ್ಯ ಕೊಡೆ ಮಡಚಿ ಅದರ ತುದಿಯಿಂದ ಕ್ಯಾತಪ್ಪನ ಎದೆಗೆ ತಿವಿದ. “ಆ ಬಿಳಿಮೂತಿ ಲೌಡಿನ ತೆಗೀತೀಯೋ, ಇಲ್ಲ ನಿನ್ನೂ ಅದ್ರಾಗೇ ಮುಚ್ಚಿಸ್ಲೋ?”

ಕ್ಯಾತಪ್ಪ ಹಾರೆಯನ್ನು ಹೆಗಲಿಗೇರಿಸಿದ. ಹೆಂಡತಿಯ ಗುಂಡಿಗೆ ಬೆನ್ನು ಮಾಡಿ ಪಟೇಲನ ತೋಟದ ಕಡೆ ನಡೆದ. ಅಲ್ಲಿ, ಬೇವಿನ ಮರದ ಕೆಳಗೆ, ಬಸವಲಿಂಗಯ್ಯನ ಅಪ್ಪನನ್ನು ಹೂತ ಗದ್ದುಗೆ.

“ಎಲ್ಲಿಗ್ಲಾ?”

“ತೊನ್ನಿನ ಹೆಣ ತೆಗೀಬೇಕಲ್ವರಾ?” ಕ್ಯಾತಪ್ಪ ತಿರುಗಲೂ ಇಲ್ಲ. “ನಿಮ್ಮಪ್ಪಂಗೆ ಗುಂಡಿ ತೋಡ್ದೋನೂ ನಾನೇ. ಇಳಿಸೋವಾಗ ಬಟ್ಟೆ ಜಾರ್ತು. ಸೊಂಟದ ಸುತ್ತಾ ಬೆಳ್ಳಗಿತ್ತು. ಮೂರು ವರ್ಷ ಬಾಯಿ ಮುಚ್ಕೊಂಡಿದ್ದೆ.”

“ಹಿಡೀರೋ ಅವನ್ನ!” ಎಂದು ಬಸವಲಿಂಗಯ್ಯ ಕಿರುಚಿದ. ಯಾರೂ ಕದಲಲಿಲ್ಲ. ಪೂಜಾರಿ ನೆಲ ನೋಡತೊಡಗಿದ. ಕೂಲಿಯವರ ಗುಂಪಿನಿಂದ ಪುಟ್ಟಕ್ಕ ಸೀರೆ ಎತ್ತಿಕಟ್ಟಿ ಮುಂದೆ ಬಂದಳು.

“ಹಾರೆ ಒಂದೇ ಸಾಲಾಕಿಲ್ಲ ಕಣಣ್ಣೋ. ತಡಿ, ಗುದ್ದಲಿ ತತ್ತೀನಿ.”

ಮೊದಲ ಏಟಿಗೇ ಗದ್ದುಗೆಯ ಚಪ್ಪಡಿಯ ಮೂಲೆ ಹಾರಿತು.