ಸಮಸ್ತ ಓದುಗರ ಪರವಾಗಿ

ಆ ದೂರು ಬರೆದವಳು ನಾನು. ಕಾರವಾರದ ನಮ್ಮ ಕೇರಿಯ ಶಾಖಾ ಗ್ರಂಥಾಲಯದಲ್ಲಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದ್ದ ಸಲಹೆ-ದೂರುಗಳ ಪುಸ್ತಕದಲ್ಲಿ: ‘ಬುಧವಾರ ಮೂರು ಗಂಟೆಗೇ ಬೀಗ. ಹೀಗಾದರೆ ಓದುವವರು ಎಲ್ಲಿಗೆ ಹೋಗಬೇಕು?’ ಕೆಳಗೆ ನನ್ನ ಹೆಸರು ಹಾಕುವ ಧೈರ್ಯ ಬರಲಿಲ್ಲ. ‘ಸಮಸ್ತ ಓದುಗರ ಪರವಾಗಿ’ ಎಂದು ಬರೆದೆ.

ನಾನು ಅಲ್ಲಿ ಒಂದು ಪುಸ್ತಕವನ್ನೂ ಓದಿದವಳಲ್ಲ. ಮೂರನೇ ಕ್ಲಾಸಿನ ನನ್ನ ಮಗಳು ನಿಶಾ ನಾಲ್ಕಕ್ಕೆ ಶಾಲೆ ಬಿಟ್ಟ ಮೇಲೆ ಅಲ್ಲಿ ಕೂರುತ್ತಿದ್ದಳು. ಪೇಟೆಯ ಹೊಲಿಗೆ ಅಂಗಡಿಯಲ್ಲಿ ನನ್ನ ಕೆಲಸ ಮುಗಿಯುವುದು ಐದೂವರೆಗೆ. ಅಲ್ಲಿಯವರೆಗೆ ಅವಳನ್ನು ನೋಡಿಕೊಳ್ಳುತ್ತಿದ್ದವರು ಗ್ರಂಥಪಾಲಕಿ ಮಂಗಲಾ ಅಕ್ಕೋರು. ಅದು ಅವರ ಕೆಲಸವಲ್ಲ. ಆದರೂ ಅವಳಿಗೆಂದು ಡಬ್ಬಿಯಲ್ಲಿ ಅವಲಕ್ಕಿ ತರುತ್ತಿದ್ದರು.

ಆ ಬುಧವಾರ ನಾನು ಹೋದಾಗ ನಿಶಾ ಬೀಗ ಹಾಕಿದ ಬಾಗಿಲ ಮುಂದೆ ಚೀಲ ತಬ್ಬಿಕೊಂಡು ಮೆಟ್ಟಿಲ ಮೇಲೆ ಕೂತಿದ್ದಳು. ಅತ್ತು ಅತ್ತು ಮುಖ ಊದಿತ್ತು. ಮೂರಕ್ಕೇ ಬೀಗ ಬಿದ್ದಿತ್ತೆಂದು ಎದುರಿನ ಅಂಗಡಿಯವರು ಹೇಳಿದರು. ಮರುದಿನ ಬೆಳಿಗ್ಗೆ ಅಂಗಡಿಗೆ ಹೋಗುವ ದಾರಿಯಲ್ಲಿ, ಅಕ್ಕೋರು ಒಳಗೆ ಕಪಾಟು ಒರೆಸುತ್ತಿದ್ದಾಗ, ದೂರು ಬರೆದು ಬಂದೆ.

ಅದೇ ಸಂಜೆ ಅಕ್ಕೋರು ಕೇಳಿದರು, “ನಿನ್ನೆ ಪುಸ್ತಕದ ಗಂಟು ಮುಖ್ಯ ಗ್ರಂಥಾಲಯಕ್ಕೆ ಕೊಡೂಕಿತ್ತು. ಮೂರಕ್ಕೇ ಮುಚ್ತೆ, ಅಮ್ಮಂಗೆ ಬೇಗ ಬರೂಕೆ ಹೇಳು ಅಂತ ಮಂಗಳವಾರವೇ ನಿಶಾ ಹತ್ರ ಹೇಳಿದ್ದೆ. ಹೇಳ್ಲಿಲ್ವ?”

ಹೇಳಿದ್ದಳು. ನಾನು ಬಂಗಡೆ ಮೀನು ಸ್ವಚ್ಛ ಮಾಡುತ್ತಿದ್ದೆ. ಬೆನ್ನ ಹಿಂದೆ ನಿಂತು ಎರಡು ಸಲ ಹೇಳಿದ್ದಳು. ಕಿವಿಗೆ ಹಾಕಿಕೊಳ್ಳದೆ ‘ಹ್ಞೂ’ ಅಂದಿದ್ದೆ. ಆ ಹ್ಞೂ ನಂಬಿಕೊಂಡೇ ಅವಳು ಮೆಟ್ಟಿಲ ಮೇಲೆ ಕಾದಿದ್ದು.

“ಇಲ್ಲ ಅಕ್ಕೋರೆ. ಮಕ್ಕಳಲ್ವ, ಮರ್ತೋಗಿದೆ” ಎಂದೆ.

ನಿಶಾ ನನ್ನ ಮುಖ ನೋಡಿದಳು.

ದೂರನ್ನು ಹೊಡೆದುಹಾಕಬಹುದಿತ್ತು. ಹಾಗೆ ಮಾಡಿದರೆ ಬರೆದವಳು ನಾನೇ ಎಂದು ತಿಳಿದುಬಿಡುತ್ತದಲ್ಲ. ಆ ಪುಸ್ತಕವನ್ನು ಯಾರು ನೋಡುತ್ತಾರೆ ಎಂದು ಸಮಾಧಾನ ಮಾಡಿಕೊಂಡೆ. ಮುಂದಿನ ತಿಂಗಳು ಮೇಜಿನ ಹಿಂದೆ ಸಂದೀಪ ಎಂಬ ಹೊಸಬ ಕೂತಿದ್ದ. ಅಕ್ಕೋರಿಗೆ ಅಂಕೋಲೆಯ ಶಾಖೆಗೆ ವರ್ಗವಾಗಿತ್ತು.

“ದೂರು ಹೋಗಿತ್ತಂತೆ” ಎಂದ ಅವನು. “ಸಮಸ್ತ ಓದುಗರದ್ದಂತೆ. ದಿನಾ ಬರೂರು ನಾಕು ಜನ. ಮೂರು ಜನ ಪೇಪರಿಗೆ, ಒಬ್ರು ಫ್ಯಾನಿಗೆ.”

“ಯಾರು ಕಳಿಸಿದ್ದು?”

“ಅಕ್ಕೋರೇ. ದೂರಿನ ಪುಸ್ತಕದಲ್ಲಿ ಇದ್ದದ್ದು ತಿಂಗಳಿಗೊಂದ್ಸಲ ನಕಲು ಮಾಡಿ ಮೇಲೆ ಕಳಿಸ್ಬೇಕು. ತಮ್ಮ ಮೇಲಿನ ದೂರು ತಾವೇ ಬರ್ದು ಕಳಿಸಿದ್ರು.”

ಮೂರು ದಿನ ಹೊಲಿದ ಬಟ್ಟೆಯನ್ನೆಲ್ಲ ಬಿಚ್ಚಿ ಮತ್ತೆ ಹೊಲಿದೆ. ಗ್ರಂಥಾಲಯಕ್ಕೆ ವಾರದ ರಜೆ ಸೋಮವಾರ; ಭಾನುವಾರ ನಿಶಾಳನ್ನು ಕರೆದುಕೊಂಡು ಅಂಕೋಲೆಯ ಶಾಖೆಗೆ ಹೋದೆ. ಅಕ್ಕೋರು ಕನ್ನಡಕದ ಮೇಲಿಂದ ನೋಡಿ ನಕ್ಕರು.

“ಬನ್ನಿ, ಕಾರವಾರದ ಸಮಸ್ತ ಓದುಗರು ಬಂದ್ರು.”

ನಾನು ಹೊಸ್ತಿಲಲ್ಲೇ ನಿಂತೆ. “ನಿಮಗೆ ಗೊತ್ತಿತ್ತಾ?”

“ನಿಶಾಳ ಕಾರ್ಡಿಗೆ ವಾರ ವಾರ ಬರ್ದು ಸಹಿ ಮಾಡೂರು ನೀವೇ. ಅಕ್ಷರ ಗುರ್ತು ಸಿಗೂದಿಲ್ವ?”

“ಆ ಪುಟ ಹರ್ದು ಹಾಕ್ಬಹುದಿತ್ತು.”

“ಪುಟ ಹರೀಬೇಡಿ ಅಂತ ಮಕ್ಕಳಿಗೆ ದಿನಾ ಹೇಳೂದು ನಾನು.”

ಅಷ್ಟರಲ್ಲಿ ನಿಶಾ ಮೇಜಿನ ಅಂಚು ಹಿಡಿದು ನಿಂತಿದ್ದಳು. “ಅಕ್ಕೋರೆ, ನಾ ಅಮ್ಮಂಗೆ ಹೇಳೂಕೆ ಮರ್ತೆ. ಅದ್ಕೇ ನಿಮ್ಗೆ ಇಲ್ಲಿಗೆ ಹಾಕಿದ್ರಾ?”

ಅವಳು ನನ್ನ ಸುಳ್ಳನ್ನು ನಂಬಿಬಿಟ್ಟಿದ್ದಳೋ, ನನ್ನನ್ನು ಉಳಿಸಲು ಹಾಗೆ ಹೇಳಿದಳೋ, ಇವತ್ತಿಗೂ ಗೊತ್ತಿಲ್ಲ. ಯಾವುದೇ ಆಗಿರಲಿ, ಅದು ನಾನು ಕಲಿಸಿದ್ದು.

“ಮರೀಲಿಲ್ಲ ಮಗಾ” ಎಂದೆ. ಪೇಪರ್ ಓದುತ್ತಿದ್ದ ಮುದುಕರೊಬ್ಬರು ತಲೆ ಎತ್ತಿದರು. ದನಿ ತಗ್ಗಿಸಬೇಕೆನಿಸಿತು, ತಗ್ಗಿಸಲಿಲ್ಲ. “ನೀ ಎರಡು ಸಲ ಹೇಳಿದ್ದೆ. ನಾ ಕೇಳಿಸ್ಕಳ್ಳಿಲ್ಲ. ಆಮೇಲೆ ಅಕ್ಕೋರ ಹತ್ರ ಸುಳ್ಳು ಹೇಳ್ದೆ.”

ಅಕ್ಕೋರ ನಗು ನಿಂತಿತು. ಇದು ಅವರಿಗೆ ಗೊತ್ತಿರಲಿಲ್ಲ. ಒಂದು ಬಿಳಿ ಹಾಳೆ ನನ್ನ ಮುಂದಿಟ್ಟರು. ನಡೆದದ್ದನ್ನು ಬರೆದು, ಕೆಳಗೆ ದೀಪಾಲಿ ಎಂದು ನನ್ನ ಹೆಸರು ಹಾಕಿ ಕೊಟ್ಟೆ. ಓದಿ ಮಡಚಿದರು.

“ಕಳಿಸ್ತೆ. ಆದ್ರೆ ಆರ್ಡರ್ ವಾಪಸ್ ಬರೂದಿಲ್ಲ” ಎಂದು ನನಗೆ ಹೇಳಿ, ನಿಶಾಳ ಕಡೆ ತಿರುಗಿದರು. “ನೀ ಬಾರೆ, ಇಲ್ಲಿ ಎಂತೆಂತಾ ಪುಸ್ತಕ ಇದೆ ತೋರಿಸ್ತೆ.”

ಕಪಾಟುಗಳ ನಡುವೆ ಅವರಿಬ್ಬರೂ ಓಡಾಡುವಷ್ಟು ಹೊತ್ತು ನಾನು ಬಾಗಿಲ ಬಳಿ ನಿಂತಿದ್ದೆ. ಕೂತುಕೊಳ್ಳಿ ಎಂದು ಅವರು ಹೇಳಲಿಲ್ಲ.

ವಾಪಸ್ ಬರುವಾಗ ಬಸ್ಸು ತುಂಬಿತ್ತು. ನಿಶಾಳಿಗೆ ಮುಂದೆ ಕಿಟಕಿಯ ಪಕ್ಕ ಜಾಗ ಸಿಕ್ಕಿತು, ನನಗೆ ಹಿಂದೆ. ದಾರಿಯ ಅವರ್ಸಾ ಊರಿನಲ್ಲಿ ನನ್ನ ಪಕ್ಕದವರು ಇಳಿದರು. ಸೀಟಿನ ಮೇಲೆ ಕೈಯಿಟ್ಟುಕೊಂಡು ಅವಳನ್ನು ಕರೆದೆ.

“ಬ್ಯಾಡ, ನಾ ಇಲ್ಲೇ ಕೂತ್ಕಂತೆ” ಎಂದಳು.